ಅಲುಗಾಡದ ಮೂರು ಚುಕ್ಕೆ

ಎಕೋ ಚಿತ್ರದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಚಿತ್ರದಲ್ಲಿ, ಹೃದಯದ ಗೋಡೆ ನಯವಾಗಿ ಕಾಣುವುದಿಲ್ಲ. ಮರಳು ಎರಚಿದ ಹಾಗೆ ಮೈತುಂಬಾ ಬಿಳಿ, ಬೂದು ಕಾಳುಗಳು. ಇದಕ್ಕೆ ಸ್ಪೆಕಲ್ ಅಂತಾರೆ. ಶುರುವಿನಲ್ಲಿ ನಾನು ಅದನ್ನು ಕಸ ಅಂದುಕೊಂಡು ಫಿಲ್ಟರ್ ಹಾಕಿ ಒರೆಸಿಬಿಟ್ಟಿದ್ದೆ. ಮಾಡಬೇಕಿದ್ದದ್ದು ಸ್ನಾಯು ಹೇಗೆ ಸರಿಯುತ್ತದೆ ಅಂತ ಹಿಂಬಾಲಿಸುವ ಪ್ರೋಗ್ರಾಂ. ಹಿಂಬಾಲಿಸಲು ಇದ್ದ ಗುರುತನ್ನೇ ಅಳಿಸಿ ಕೂತಿದ್ದೆ!

ದೇಹದೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 2.5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 0.6 ಮಿಲಿಮೀಟರ್ ಆಯಿತು. ಅದಕ್ಕಿಂತ ಸಣ್ಣ ಸಣ್ಣ ರಚನೆಗಳಿಗೆ ಬಡಿದು ವಾಪಸ್ ಬರುವ ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ಕೂಡಿಕೊಂಡ ಕಡೆ ಬೆಳ್ಳಗೆ, ಒಂದನ್ನೊಂದು ಅಳಿಸಿಕೊಂಡ ಕಡೆ ಕಪ್ಪಗೆ. ಸ್ನಾಯು ಸರಿದರೆ ಈ ಮಚ್ಚೆಗಳೂ ಜೊತೆಗೇ ಸರಿಯುತ್ತವೆ. ಬಹಳ ದೂರವಲ್ಲ, ಆದರೆ ಒಂದು ಫ್ರೇಮಿನಿಂದ ಮುಂದಿನದಕ್ಕೆ ಗುರುತು ಸಿಗುವಷ್ಟು.

ಕೋಡ್ ಸರಳ. ಗೋಡೆಯ ಮೇಲೆ ಒಂದು ಚುಕ್ಕೆ ಇಡು, ಸುತ್ತ ಒಂದು ಚೌಕ ತೆಗೆದುಕೋ, ಮುಂದಿನ ಫ್ರೇಮಿನಲ್ಲಿ ಆಚೀಚೆ ಸರಿಸಿ ತಾಳೆ ನೋಡು. ಎಲ್ಲಿ ಜಾಸ್ತಿ ತಾಳೆಯಾಗುತ್ತದೋ ಚುಕ್ಕೆ ಅಲ್ಲಿಗೆ ಹೋಗುತ್ತದೆ. ಮೊದಲು, ಸಂಶೋಧನೆಗೆ ಸಿಗುವ ಎಕೋ ವಿಡಿಯೊ ಸಂಗ್ರಹವಾದ ಎಕೋನೆಟ್-ಡೈನಾಮಿಕ್‌ನ ವಿಡಿಯೊಗಳ ಮೇಲೆ ಓಡಿಸಿದೆ. ಚುಕ್ಕೆಗಳು ದಿಕ್ಕಾಪಾಲು. ಎರಡು ದಿನ ಕೋಡನ್ನು ಬೈದೆ. ಆ ವಿಡಿಯೊಗಳನ್ನು 112ಕ್ಕೆ 112 ಪಿಕ್ಸೆಲ್‌ಗೆ ಕುಗ್ಗಿಸಿದ್ದಾರೆ. ಎಜೆಕ್ಷನ್ ಫ್ರಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯದ ಕೋಣೆ ಹೊರತಳ್ಳುವ ರಕ್ತದ ಪಾಲು, ಲೆಕ್ಕ ಹಾಕಲು ಅಷ್ಟು ಸಾಕು. ಕಾಳು ಹುಡುಕಿದ ತಪ್ಪು ನನ್ನದು.

ಆಮೇಲೆ ಫ್ರೇಮ್ ರೇಟ್. ಹೃದಯ ಹಿಂಡುವಾಗ ಮೈಟ್ರಲ್ ಕವಾಟದ ಬುಡ ಸೆಕೆಂಡಿಗೆ 9 ಸೆಂಟಿಮೀಟರ್ ವೇಗದಲ್ಲಿ ಓಡಿತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಎರಡರ ನಡುವೆ 3 ಮಿಲಿಮೀಟರ್ ಹಾರಿರುತ್ತದೆ. ಅಷ್ಟರಲ್ಲಿ ಅದೇ ಮುಖದ ಬೇರೆ ಕಾಳು ಸಿಕ್ಕಿ ಚುಕ್ಕೆ ಮೋಸ ಹೋಗುತ್ತದೆ. 60 ಫ್ರೇಮಿನ ಕ್ಲಿಪ್ ಸಿಕ್ಕ ಮೇಲೆ ಅರ್ಧ ಗೋಳು ತೀರಿತು.

ಇನ್ನರ್ಧಕ್ಕೆ ಮೂರು ಕಾವಲು ಹಾಕಿದೆ. ತಾಳೆ ಅಂಕ ಕಡಿಮೆ ಬಂದರೆ ಆ ಚುಕ್ಕೆ ಬೇಡ. ಚುಕ್ಕೆಯನ್ನು ಮುಂದಕ್ಕೆ ಓಡಿಸಿ, ಅದೇ ದಾರಿಯಲ್ಲಿ ಹಿಂದಕ್ಕೆ ಓಡಿಸಿದಾಗ ಹೊರಟ ಜಾಗಕ್ಕೆ ಬರದಿದ್ದರೆ ಬೇಡ. ಇಸಿಜಿಯ ಒಂದು ಆರ್ ಅಲೆಯಿಂದ ಇನ್ನೊಂದಕ್ಕೆ, ಅಂದರೆ ಒಂದು ಬಡಿತ ಮುಗಿದಾಗ, ಮೊದಲಿನ ಜಾಗದಿಂದ ತುಂಬಾ ಜಾರಿದ್ದರೂ ಬೇಡ. ಉಳಿದವನ್ನು ಅಕ್ಕಪಕ್ಕದ ಚುಕ್ಕೆಗಳ ಜೊತೆ ಹದಗೊಳಿಸಿ ಒಂದು ಗೆರೆ ಎಳೆದೆ. ಗೆರೆ ಎಷ್ಟು ಕುಗ್ಗಿತು ಅನ್ನೋದೇ ಸ್ಟ್ರೇನ್: 15 ಸೆಂಟಿಮೀಟರ್ ಇದ್ದದ್ದು 12 ಆದರೆ ಮೈನಸ್ 20 ಶೇಕಡಾ.

ಒಂದು ಕ್ಲಿಪ್‌ನಲ್ಲಿ ಮೈನಸ್ 17 ಬಂತು. ಗೆರೆ ಚಂದವಾಗಿ ಉಸಿರಾಡುತ್ತಿತ್ತು. ಎಷ್ಟೋ ವರ್ಷದಿಂದ ಎಕೋ ಮಾಡುತ್ತಿರುವ ಮೇಡಂ ಒಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ.

"ಗೆರೆ ತೆಗೆದು ಬರೀ ಚಿತ್ರ ಓಡಿಸಿ ನೋಡೋಣ," ಅಂದರು.

ಓಡಿಸಿದೆ. ಲ್ಯಾಟರಲ್ (ಹೊರಬದಿಯ) ಗೋಡೆಯ ನಡುಭಾಗಕ್ಕೆ ಪೆನ್ನಿನ ತುದಿ ಇಟ್ಟು, "ಇಲ್ಲಿ ಗೋಡೆ ಎಲ್ಲಿದೆ, ನೀವೇ ಹೇಳಿ?" ಅಂದರು.

ಇರಲಿಲ್ಲ. ಮಂಜು ಕವಿದಂತೆ ಬೂದು ಹೊಗೆ. ಸುತ್ತಲಿನದೆಲ್ಲ ಕುಣಿಯುತ್ತಿದ್ದರೂ ಆ ಹೊಗೆ ಮಾತ್ರ ಇದ್ದಲ್ಲೇ ಇತ್ತು.

ಹದಗೊಳಿಸುವುದನ್ನು ನಿಲ್ಲಿಸಿ ಮತ್ತೆ ಓಡಿಸಿದೆ. ಅಲ್ಲಿದ್ದ ಮೂರು ಚುಕ್ಕೆ ಗೂಟ ಹೊಡೆದ ಹಾಗೆ ನಿಂತಿದ್ದವು. ಇಷ್ಟು ಹೊತ್ತು ಪಕ್ಕದ ಚುಕ್ಕೆಗಳು ಅವನ್ನು ಎಳೆದಾಡುತ್ತಿದ್ದವು ಅಷ್ಟೆ. ನನ್ನ ಕಾವಲು ಯಾಕೆ ಹಿಡಿಯಲಿಲ್ಲ ಅಂತ ಅಂಕ ತೆಗೆದು ನೋಡಿದರೆ ನಗು ಬಂತು. ತಾಳೆ ಅಂಕ 0.97, ನಿಜವಾದ ಸ್ನಾಯುವಿನ ಮೇಲಿದ್ದ ಚುಕ್ಕೆಗಳಿಗೇ ಅಷ್ಟು ಬಂದಿರಲಿಲ್ಲ. ಸ್ನಾಯು ತಿರುಚಿಕೊಳ್ಳುತ್ತದೆ, ಚಿತ್ರದ ಸೀಳಿನಿಂದ ಆಚೆ ಹೋಗುತ್ತದೆ, ಕಾಳಿನ ರೂಪ ಬದಲಾಗುತ್ತದೆ. ಹೊಗೆಗೆ ಆ ತಾಪತ್ರಯ ಇಲ್ಲ. ಮುಂದೆ ಹೋಗದವನು ಹಿಂದೆ ಬರುವಾಗ ದಾರಿ ತಪ್ಪುವುದುಂಟೇ? ಬಡಿತ ಮುಗಿದಾಗ ಜಾರಿಕೆಯೂ ಸೊನ್ನೆ. ಮೂರೂ ಪರೀಕ್ಷೆಯಲ್ಲಿ ಇವೇ ಫಸ್ಟ್!

ಈಗ ನಾಲ್ಕನೆಯ ಕಾವಲು ಸೇರಿಸಿದ್ದೇನೆ. ಅಂಕ ತೀರಾ ಚೆನ್ನಾಗಿದ್ದು, ನೆರೆಯ ಚುಕ್ಕೆಗಳು ಐದಾರು ಮಿಲಿಮೀಟರ್ ಸರಿಯುವಾಗಲೂ ಇದು ಕದಲದಿದ್ದರೆ ಅನುಮಾನದ ಪಟ್ಟಿಗೆ. ಇದೂ ಪೂರ್ತಿ ಸಾಲದು. ಹೃದಯಾಘಾತವಾದ ಜಾಗದ ಗೋಡೆ ನಿಜವಾಗಿಯೂ ಕದಲದೆ ಇರಬಹುದು, ಅದನ್ನು ಹೊಗೆ ಅಂತ ಬಿಸಾಡಿದರೆ ಕಾಯಿಲೆಯನ್ನೇ ಬಿಸಾಡಿದ ಹಾಗೆ. ಹಾಗಾಗಿ ಅನುಮಾನದ ಚುಕ್ಕೆಯನ್ನು ಪ್ರೋಗ್ರಾಂ ಅಳಿಸುವುದಿಲ್ಲ, ಬೂದು ಬಣ್ಣ ಹಚ್ಚಿ ಬಿಡುತ್ತದೆ. ಕ್ಲಿಪ್ ತೆರೆದ ಕೂಡಲೇ ಮೊದಲ ಎರಡು ಬಡಿತ ಗೆರೆ ಇಲ್ಲದೆ ಓಡುತ್ತದೆ. ಗೋಡೆ ಕಾಣುತ್ತಿದೆಯಾ ಅಂತ ನೋಡುವವರು ಒತ್ತಿ ಹೇಳಿದ ಮೇಲೇ ಮುಂದಿನ ಕೆಲಸ.

ಆ ಹಳೇ ಕ್ಲಿಪ್ ಇನ್ನೂ ಇಟ್ಟುಕೊಂಡಿದ್ದೇನೆ. ಈಗ ಅದನ್ನು ತೆರೆದರೆ ಮೈನಸ್ 17 ಬರುವುದಿಲ್ಲ. ಲ್ಯಾಟರಲ್ ಗೋಡೆಯ ನಡುಭಾಗದ ಖಾನೆ ಖಾಲಿ ಇರುತ್ತದೆ.