ಎಣ್ಣೆ ಎರೆಯುವ ಕೈಗೆ ಹೇಳಿಕೊಟ್ಟದ್ದು

ತಾಯಿಯ ಹೊಟ್ಟೆಯಲ್ಲಿರುವಾಗಲೇ ವೈರಸ್ ಸೋಂಕು ತಗುಲಿದ ಮಗುವನ್ನು ನನ್ನ ಬಳಿ ಕರೆತರುವವರು ಸೋಂಕಿನ ಹೆಸರು ಹೇಳುವುದಿಲ್ಲ. ‘ಕಾಲು ಬಿಗಿ ಅದಾವ್ರಿ ಮೇಡಮ್ರ’ ಅನ್ನುತ್ತಾರೆ. ಇಲ್ಲವೇ ‘ಮುಷ್ಟಿ ಬಿಡವಲ್ಲದು’, ‘ಲಂಗೋಟಿ ಕಟ್ಟಾಕ ತೊಡಿ ಅಗಲ ಆಗವಲ್ಲವು’. ನಾನು ಬಾಗಲಕೋಟೆಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವವಳು. ಹುನಗುಂದ, ಬಾದಾಮಿ, ಮುಧೋಳದ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ತಾಯಂದಿರಿಗೆ ವಾರಕ್ಕೊಮ್ಮೆ ಬರುವುದೂ ಭಾರ. ಹೊಲದ ಕೆಲಸ, ಇನ್ನೊಂದು ಕೂಸು, ಬಸ್ ಚಾರ್ಜು. ಹಾಗಾಗಿ ಚಿಕಿತ್ಸೆಯ ಬಹುಪಾಲು ಅವರ ಬಚ್ಚಲಲ್ಲಿ, ಪಡಸಾಲೆಯಲ್ಲೇ ನಡೆಯಬೇಕು. ನಡೆಸುವವರು ಮಗುವಿನ ಅವ್ವ ಮತ್ತು ಆಯಿ, ಅಂದರೆ ಅಜ್ಜಿ. ಅವರಿಗೆ ಕಲಿಸುವುದೇ ನನ್ನ ಮುಖ್ಯ ಕೆಲಸವೆಂದು ನಾನು ಇಟ್ಟುಕೊಂಡಿದ್ದೇನೆ.

ನನ್ನ ಬಳಿ ಬರುವ ಇಂಥ ಮಕ್ಕಳ ಫೈಲಿನಲ್ಲಿ ಹೆಚ್ಚಾಗಿ ಇರುವ ಹೆಸರು ಸೈಟೊಮೆಗಲೊ ವೈರಸ್, ಅಂದರೆ ಸಿಎಂವಿ. ಅಪರೂಪಕ್ಕೆ ರುಬೆಲ್ಲಾ. ಸಿಎಂವಿ ಹುಟ್ಟಿನಿಂದಲೇ ಬಂದದ್ದು ಎಂದು ಖಚಿತವಾಗಿ ಹೇಳಬೇಕಾದರೆ ಮಗುವಿನ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ ಮೊದಲ 21 ದಿನಗಳೊಳಗೆ ಆಗಿರಬೇಕು. ಆಮೇಲೆ ವೈರಸ್ ಸಿಕ್ಕರೂ ಅದು ಹುಟ್ಟಿದ ಮೇಲೆ ತಗುಲಿದ್ದೂ ಆಗಿರಬಹುದು. ಬಹಳಷ್ಟು ಮಕ್ಕಳು ನನ್ನ ಹತ್ತಿರ ಬರುವುದೇ ಆರೇಳು ತಿಂಗಳಾದ ಮೇಲೆ, ಮಗು ಕುತ್ತಿಗೆ ನಿಲ್ಲಿಸಲಿಲ್ಲ, ಮಗ್ಗುಲಾಗಲಿಲ್ಲ ಎಂದು ಮನೆಯವರಿಗೆ ಗಾಬರಿಯಾದಾಗ. ಆದ್ದರಿಂದ ಅನೇಕ ಫೈಲುಗಳಲ್ಲಿ ‘ಸಂಶಯ’ ಎಂದಷ್ಟೇ ಬರೆದಿರುತ್ತದೆ. ಆದರೂ ನನ್ನ ಕೆಲಸ ಕಾಯಬೇಕಿಲ್ಲ.

ಮೊದಲು ನಾನು ಕೇಳುವ ಪ್ರಶ್ನೆ: ಈ ಬಿಗಿತ ಹುಟ್ಟಿದ ದಿನವೇ ಇತ್ತೋ, ತಿಂಗಳುಗಳು ಕಳೆದಂತೆ ಬಂತೋ? ಎರಡರ ದಾರಿ ಬೇರೆ. ಹುಟ್ಟುವಾಗಲೇ ಹಲವು ಕೀಲುಗಳು ಮಡಚಿಕೊಂಡೋ ಸೆಟೆದೋ ಇದ್ದರೆ ಅದನ್ನು ಆರ್ತ್ರೋಗ್ರೈಪೋಸಿಸ್ ಅನ್ನುತ್ತಾರೆ. ಅದರ ಒಳಗುಟ್ಟು ನನಗೆ ಬಿಡಿಸಿಹೇಳಿದಂತಾದದ್ದು, ಸೊಳ್ಳೆಯಿಂದ ಹರಡುವ ಜೀಕಾ ವೈರಸ್ ಬಗ್ಗೆ ಬ್ರೆಜಿಲ್‌ನಿಂದ ಬಂದ ವರದಿಗಳನ್ನು ಓದಿದಾಗ. 2016ರಲ್ಲಿ ಪೆರ್ನಾಂಬುಕೊ ರಾಜ್ಯದ ವೈದ್ಯರು, ಗರ್ಭದಲ್ಲಿ ಜೀಕಾ ಸೋಂಕಾಗಿ ಹೀಗೆ ಹುಟ್ಟಿದ ಮಕ್ಕಳ ಕೀಲುಗಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕೀಲಿನ ರಚನೆಯಲ್ಲಿ ದೋಷ ಸಿಗಲಿಲ್ಲ. ನರಗಳಿಗೆ ಪೆಟ್ಟಾಗಿ, ಗರ್ಭದೊಳಗೆ ಮಗು ಕೈಕಾಲು ಆಡಿಸದೆ ಒಂದೇ ಭಂಗಿಯಲ್ಲಿ ಉಳಿದದ್ದರಿಂದ ಕೀಲು ಬಿಗಿದಿತ್ತು. 2022ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಜೀಕಾ ಪತ್ತೆಯಾದಾಗ ಗರ್ಭಿಣಿಯರು ನನ್ನನ್ನೂ ವಿಚಾರಿಸಿದರು. ಜೀಕಾದಿಂದ ಹೀಗಾದ ಮಗು ನನ್ನ ಬಳಿ ಬಂದಿಲ್ಲ. ಆದರೆ ಆ ಓದು ಎಲ್ಲ ಮಕ್ಕಳಿಗೂ ಉಪಯೋಗಕ್ಕೆ ಬಂದಿದೆ.

ಸಿಎಂವಿ ಮಕ್ಕಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡನೆಯದು. ಹುಟ್ಟಿದಾಗ ಕೈಕಾಲು ಮೆತ್ತಗೇ ಇರುತ್ತವೆ. ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳು ನಿಧಾನಕ್ಕೆ ಸೆಟೆಯತೊಡಗುತ್ತವೆ, ತೊಡೆಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಸ್ನಾಯು ಗಿಡ್ಡವಾಗಿ, ಚೆನ್ನಾಗಿದ್ದ ಕೀಲೂ ಕೆಡುತ್ತದೆ. ಇದನ್ನು ತಡೆಯಲು ನಮಗೆ ಸಮಯ ಇರುತ್ತದೆ ಎಂಬುದೇ ನನಗೆ ದೊಡ್ಡ ಭರವಸೆ.

ಇನ್ನು ಎಣ್ಣೆಯ ವಿಷಯ. ‘ನಾ ದಿನಾ ಎಣ್ಣಿ ಹಚ್ಚಿ ಜಗ್ಗತೀನ್ರಿ, ಆದ್ರೂ ಕಾಲು ಬಿಡವಲ್ಲವು’ ಎಂದು ಹೇಳದ ಆಯಿಯನ್ನು ನಾನು ಕಂಡಿಲ್ಲ. ಎರೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕಾಲು ಚಾಚಿ ಕೂತು ಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಳ್ಳುವ ನಮ್ಮ ಪದ್ಧತಿ ಕುತ್ತಿಗೆ ಗಟ್ಟಿಯಾಗಲು ಒಳ್ಳೆಯದು. ಬದಲಿಸಬೇಕಾದದ್ದು ಜಗ್ಗುವ ರೀತಿ. ಸೆಟೆದ ಸ್ನಾಯುವನ್ನು ರಪ್ಪನೆ ಎಳೆದರೆ ಅದು ಇನ್ನಷ್ಟು ಸೆಟೆಯುತ್ತದೆ. ಬೆಚ್ಚನೆಯ ನೀರು ಬಿದ್ದು ಮಗು ಹಗುರಾದ ಮೇಲೆ, ಒಂದು ಕೈ ಕೀಲಿನ ಮೇಲ್ಭಾಗದಲ್ಲಿ, ಇನ್ನೊಂದು ಕೈ ಕೀಲಿನ ತುಸು ಕೆಳಗೆ ಇಟ್ಟು, ನಿಧಾನಕ್ಕೆ ಬಿಡಿಸಿ, ಬಿಗಿ ಎನಿಸಿದಲ್ಲಿ ನಿಂತು, ಅರ್ಧ ನಿಮಿಷ ಹಾಗೇ ಹಿಡಿಯಬೇಕು. ಪಾದ ಹಿಡಿದು ತೊಡೆ ಅಗಲಿಸಬಾರದು. ಎರಡೂ ಕಾಲು ಹಿಡಿದು ತಲೆಕೆಳಗು ಮಾಡಿ ಜೀಕುವುದಂತೂ ಬೇಡವೇ ಬೇಡ. ಇದನ್ನು ನಾನು ಬಾಯಲ್ಲಿ ಹೇಳಿ ಬಿಡುವುದಿಲ್ಲ. ಆಯಿಯ ಕೈಯ ಮೇಲೆ ನನ್ನ ಕೈ ಇಟ್ಟು, ಎಷ್ಟು ಬಲ ಸಾಕು ಎಂದು ತೋರಿಸುತ್ತೇನೆ. ಒಮ್ಮೆ ತಿಳಿದರೆ ಅವರಷ್ಟು ತಾಳ್ಮೆಯಿಂದ ಮಾಡುವವರು ಯಾರೂ ಇಲ್ಲ.

ಈ ಎಚ್ಚರಕ್ಕೆ ಮೂಳೆಯೂ ಕಾರಣ. ನಿಲ್ಲದ, ನಡೆಯದ ಮಗುವಿನ ಮೂಳೆಗೆ ಭಾರ ಬೀಳುವುದಿಲ್ಲ, ಅದು ಗಟ್ಟಿಯಾಗುವುದಿಲ್ಲ. ಈ ಮಕ್ಕಳಲ್ಲಿ ಅನೇಕರಿಗೆ ಫಿಟ್ಸ್ ಇರುತ್ತದೆ. ಅದಕ್ಕೆ ಕೊಡುವ ಫಿನೋಬಾರ್ಬಿಟೋನ್, ಫಿನೈಟಾಯಿನ್‌ನಂಥ ಔಷಧಗಳು ವಿಟಮಿನ್ ಡಿ ಕಡಿಮೆ ಮಾಡುತ್ತವೆ. ಬಟ್ಟೆ ತೊಡಿಸುವಾಗ ಕಾಲು ತಿರುಚಿದರೂ ತೊಡೆಮೂಳೆ ಮೊಳಕಾಲಿನ ಮೇಲ್ಭಾಗದಲ್ಲಿ ಮುರಿಯಬಹುದು. ಮಾತು ಬಾರದ ಕೂಸು ಲಂಗೋಟಿ ಬದಲಿಸುವಾಗಲೆಲ್ಲ ಚೀರುತ್ತಿದ್ದರೆ, ತೊಡೆ ಬಾತು ಬಿಸಿಯಾಗಿದ್ದರೆ ಮತ್ತೆ ಎಣ್ಣೆ ಹಚ್ಚಬೇಡಿ, ಮೊದಲು ಎಕ್ಸ್‌ರೇ ಮಾಡಿಸಿ. ಔಷಧ ಮಾತ್ರ ತಾವಾಗಿ ನಿಲ್ಲಿಸಬಾರದು. ಒಂದು ವರ್ಷದವರೆಗೆ ಎಲ್ಲ ಮಕ್ಕಳಿಗೂ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಕೊಡಬೇಕೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಫಿಟ್ಸ್ ಔಷಧ ತಗೊಳ್ಳುವ ಮಗುವಿಗೆ ಎಷ್ಟು ಬೇಕೆಂಬುದನ್ನು ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ ಎಂದು ಚೀಟಿ ಕೊಟ್ಟು ಕಳಿಸುತ್ತೇನೆ. ರುಬೆಲ್ಲಾ ಮಕ್ಕಳ ಎಳೆ ಮೂಳೆಯ ತುದಿಗಳಲ್ಲಿ ಎಕ್ಸ್‌ರೇಯಲ್ಲಿ ಉದ್ದುದ್ದ ಗೆರೆಗಳು ಕಾಣುವುದುಂಟು. ಅದು ಬಹುತೇಕ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ, ಹೆದರಬೇಕಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೊಂಟದ ಕೀಲು. ತೊಡೆಗಳು ಸದಾ ಒಳಮುಖವಾಗಿ ಬಿಗಿದಿದ್ದರೆ ತೊಡೆಮೂಳೆಯ ಗುಂಡು ತನ್ನ ಗೂಡಿನಿಂದ ನಿಧಾನಕ್ಕೆ ಹೊರಗೆ ಸರಿಯುತ್ತದೆ. ಸದ್ದಿಲ್ಲ, ಮೊದಮೊದಲು ನೋವೂ ಇಲ್ಲ. ‘ಅಳವಲ್ಲದು, ಫೋಟೋ ಯಾಕ್ರಿ?’ ಎಂದು ತಾಯಂದಿರು ಕೇಳುತ್ತಾರೆ. ಅಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ ಯವ್ವಾ ಎನ್ನುತ್ತೇನೆ. ಒಂದರಿಂದ ಎರಡು ವರ್ಷದೊಳಗೆ ಸೊಂಟದ ಮೊದಲ ಎಕ್ಸ್‌ರೇ ಆಗಲೇಬೇಕು, ಆಮೇಲೆ ವೈದ್ಯರು ಹೇಳಿದ ಅವಧಿಗೊಮ್ಮೆ. ಗುಂಡು ಶೇ 30ಕ್ಕಿಂತ ಹೆಚ್ಚು ಹೊರಗೆ ಸರಿದಿದ್ದರೆ ಮಕ್ಕಳ ಮೂಳೆ ತಜ್ಞರ ಬಳಿ ಕಳಿಸುತ್ತೇನೆ. ವ್ಯಾಯಾಮದಿಂದಲೇ ಗುಂಡನ್ನು ಗೂಡಿಗೆ ಕೂಡಿಸುತ್ತೇನೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯಲ್ಲಿ ಮಾಡುವುದಿದೆ. ಎರಡೂ ಕಾಲು ಜೋಡಿಸಿ ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತುವುದು ಬಿಡಬೇಕು, ಬೆಚ್ಚಗಿಡಲು ಎದೆಯವರೆಗೆ ಸುತ್ತಿ ಕಾಲು ಸಡಿಲ ಬಿಟ್ಟರಾಯಿತು. ದಿನವಿಡೀ ಜೋಳಿಗೆಯಲ್ಲಿ ಹಾಕುವುದೂ ಬೇಡ, ಅದರಲ್ಲಿ ತೊಡೆಗಳು ಒತ್ತಿಕೊಳ್ಳುತ್ತವೆ. ಆದರೆ ನಮ್ಮ ಹೆಣ್ಣುಮಕ್ಕಳು ಬಗಲಲ್ಲಿ ಎತ್ತಿಕೊಳ್ಳುವುದಿದೆಯಲ್ಲ, ಮಗುವಿನ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಅದು ತೊಡೆ ಅಗಲವಾಗಿ ಉಳಿಯಲು ಬಹಳ ಒಳ್ಳೆಯ ಭಂಗಿ. ಕುತ್ತಿಗೆ ನಿಲ್ಲದ ಮಗುವಿಗೆ ಬೆನ್ನಿಗೆ ಕೈ ಕೊಟ್ಟು ಹಾಗೆಯೇ ಎತ್ತಿಕೊಳ್ಳಲು ಕಲಿಸುತ್ತೇನೆ. ಎರಡೂ ಬಗಲು ಬದಲಿಸುತ್ತ ಇರಬೇಕು ಅಷ್ಟೇ.

ಪಾದ ತಿರುಚಿ ಹುಟ್ಟಿದ್ದರೆ ಅದನ್ನು ಹಂತಹಂತವಾಗಿ ನೇರ ಮಾಡುವ ಪೊನ್ಸೆಟಿ ವಿಧಾನದ ಪ್ಲಾಸ್ಟರ್ ಇದೆ, ವಾರಕ್ಕೊಂದು ಬದಲಿಸುತ್ತಾರೆ. ಆರ್ತ್ರೋಗ್ರೈಪೋಸಿಸ್ ಇರುವ ಮಗುವಿಗೆ ಸಾಮಾನ್ಯಕ್ಕಿಂತ ಹೆಚ್ಚು ಪ್ಲಾಸ್ಟರ್ ಬೇಕಾಗುತ್ತವೆ, ಪಾದ ಮತ್ತೆ ತಿರುಚುವುದೂ ಹೆಚ್ಚು. ಅದನ್ನು ಮೊದಲೇ ಹೇಳಿದರೆ ಮನೆಯವರು ನಡುವೆ ಬಿಡುವುದಿಲ್ಲ. ಕೈಕಾಲು ಸರಿಯಾದ ಭಂಗಿಯಲ್ಲಿ ಉಳಿಯಲೆಂದು ಕಟ್ಟುವ ಪಟ್ಟಿಗೆ, ಅಂದರೆ ಸ್ಪ್ಲಿಂಟ್‌ಗೆ, ನಮ್ಮ ಏಪ್ರಿಲ್ ಬಿಸಿಲೇ ಶತ್ರು. ಒಳಗೆ ಹತ್ತಿಯ ಸಾಕ್ಸ್, ಬಿಚ್ಚಿದಾಗಲೆಲ್ಲ ಚರ್ಮ ನೋಡುವುದು, ಕೆಂಪು ಗುರುತು ಅರ್ಧ ತಾಸಾದರೂ ಹೋಗದಿದ್ದರೆ ನನ್ನ ಬಳಿ ತರುವುದು. ತಾನಾಗಿ ನಿಲ್ಲಲಾರದ ಮಗುವನ್ನು ಆಸರೆ ಕೊಟ್ಟು ನಿಲ್ಲಿಸುವ ಚೌಕಟ್ಟನ್ನು ಊರ ಬಡಿಗನೇ ಮಾಡುತ್ತಾನೆ. ಅಳತೆ ನಾನು ಬರೆದುಕೊಡುತ್ತೇನೆ, ಮೊದಲ ಸಲ ನಿಲ್ಲಿಸುವುದು ನನ್ನೆದುರಿಗೇ.

ಮನೆಯಲ್ಲಿ ಗರ್ಭಿಣಿ ಇದ್ದರೆ ಅವಳು ಈ ಕೂಸನ್ನು ಮುಟ್ಟಬಹುದೇ ಎಂದು ಮೆಲ್ಲಗೆ ಕೇಳುವವರಿದ್ದಾರೆ. ಎತ್ತಿಕೊಳ್ಳಬಹುದು, ಮುದ್ದಿಸಬಹುದು. ಸಿಎಂವಿ ಇರುವ ಮಗುವಿನ ಜೊಲ್ಲು, ಮೂತ್ರದಲ್ಲಿ ವೈರಸ್ ವರ್ಷಗಟ್ಟಲೆ ಇರಬಹುದು. ಸೋಂಕು ಇಲ್ಲದಂತೆ ಕಾಣುವ ಎಷ್ಟೋ ಮಕ್ಕಳಲ್ಲೂ ಇರುತ್ತದೆ. ಹೀಗಾಗಿ ಯಾವ ಮಗುವಿನ ಲಂಗೋಟಿ ಬದಲಿಸಿದರೂ, ಜೊಲ್ಲು ಒರೆಸಿದರೂ ಸೋಪು ಹಚ್ಚಿ ಕೈ ತೊಳೆಯಬೇಕು, ಎಂಜಲು ಚಮಚ ಬಾಯಿಗಿಡಬಾರದು.

ಕಿವಿ ಪರೀಕ್ಷೆಗೂ ಬರೆದುಕೊಡುತ್ತೇನೆ. ಸಿಎಂವಿ ಮಗುವಿಗೆ ಹುಟ್ಟಿದಾಗ ಕೇಳಿಸುತ್ತಿದ್ದರೂ ಆಮೇಲೆ ಕೇಳಿಸದಂತಾಗಬಹುದು. ಆದ್ದರಿಂದ ಶಾಲೆಗೆ ಸೇರುವ ವಯಸ್ಸಿನವರೆಗೂ ಪರೀಕ್ಷೆ ಮತ್ತೆ ಮತ್ತೆ ಆಗಬೇಕು. ಇದಕ್ಕೆ, ಎಕ್ಸ್‌ರೇಗೆ, ಪ್ಲಾಸ್ಟರ್‌ಗೆ ಎಲ್ಲಿಗೆ ಹೋಗುವುದೆಂದು ತಿಳಿಯದವರು ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದವರನ್ನು ಕೇಳಲಿ. ತಿರುಚಿದ ಪಾದ, ಸೊಂಟದ ಕೀಲು, ಕಿವುಡು ಮೂರೂ ಆ ಯೋಜನೆಯ ಪಟ್ಟಿಯಲ್ಲಿವೆ, ಚಿಕಿತ್ಸೆ ಉಚಿತ.