ಹೊಸ ಸೂಪರ್‌ವೈಸರ್‌ಗೆ: ಯಾವಾಗ ಆರ್ಡರ್ ಕೊಡಬೇಕು, ಯಾವಾಗ ಕೇಳಬೇಕು?

ನಿನ್ನೆವರೆಗೆ ಮಷಿನ್ ಮೇಲೆ ಕೂತು ಕಾಲರ್ ಹೊಲಿಯುತ್ತಿದ್ದವರು ಇವತ್ತು ಲೈನ್ (ಒಂದು ಸಾಲಿನ ಮಷಿನ್‌ಗಳ) ಸೂಪರ್‌ವೈಸರ್. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಇದು ಹೊಸದೇನಲ್ಲ. ಕೈಯಲ್ಲಿ ಕೆಲಸ ಇದೆ ಎಂದೇ ಬಡ್ತಿ ಸಿಕ್ಕಿರುತ್ತದೆ. ಆದರೆ ನಾಲ್ಕು ಜನರಿಂದ ಕೆಲಸ ಮಾಡಿಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಆಗ ತಮ್ಮ ಹಳೆಯ ಸೂಪರ್‌ವೈಸರ್ ಹೇಗಿದ್ದರೋ ಹಾಗೇ ಆಗಿಬಿಡುತ್ತಾರೆ. ಅವರು ಕೂಗಾಡುತ್ತಿದ್ದರೆ ಇವರೂ ಕೂಗಾಡುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಆ ಕೂಗಾಟ ಕೇಳಿಸಿಕೊಂಡು ಮನೆಗೆ ಹೋಗುವವರೂ ಅವರೇ.

'ಅವರು ಸ್ಟ್ರಿಕ್ಟು, ಇವರು ಪಾಪ' ಅಂತ ನಾವು ಜನರನ್ನು ವಿಂಗಡಿಸಿಬಿಡುತ್ತೇವೆ. ನನ್ನ ಪ್ರಕಾರ ಸ್ಟ್ರಿಕ್ಟ್ ಆಗಿರಬೇಕೋ ಬೇಡವೋ ಎನ್ನುವುದನ್ನು ಎದುರಿಗಿರುವ ಕೆಲಸ ನೋಡಿ ತೀರ್ಮಾನಿಸಬೇಕು. ಒಬ್ಬರೇ ಟೈಲರ್ ಜೊತೆ ಬೆಳಿಗ್ಗೆ ಒಂದು ರೀತಿ, ಊಟದ ನಂತರ ಇನ್ನೊಂದು ರೀತಿ ನಡೆದುಕೊಳ್ಳಬೇಕಾಗಿ ಬರಬಹುದು. ಅದನ್ನು ಹೀಗೆ ರೂಢಿಸಿಕೊಳ್ಳಿ.

ಹಂತ 1: ಕಾಯಲು ಸಮಯ ಇದೆಯಾ ನೋಡಿ

ಸೂಜಿ ಮುರಿಯಿತು ಅಂದುಕೊಳ್ಳಿ. ಎರಡು ಚೂರು ಸಿಕ್ಕಿವೆ, ತುದಿ ಸಿಕ್ಕಿಲ್ಲ. ಹೊಲಿಯುತ್ತಿದ್ದದ್ದು ಮಕ್ಕಳ ಫ್ರಾಕ್. ಇಲ್ಲಿ ಯಾರ ಅಭಿಪ್ರಾಯವನ್ನೂ ಕೇಳುವ ಹಾಗಿಲ್ಲ. 'ಮಷಿನ್ ಆಫ್ ಮಾಡಿ. ಪೀಸ್ ಮುಂದೆ ಕಳಿಸಬೇಡಿ. ಕೆಳಗೆ ಮ್ಯಾಗ್ನೆಟ್ ಹಾಕಿ ಹುಡುಕಿ.' ಇಷ್ಟೇ ಮಾತು. ಎಲ್ಲ ಚೂರೂ ಸಿಕ್ಕಿ, ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಸಿಗದಿದ್ದರೆ ಆ ಬಂಡಲ್ ಪೂರ್ತಿ ಪಕ್ಕಕ್ಕಿಟ್ಟು ಮೆಟಲ್ ಡಿಟೆಕ್ಟರ್‌ಗೆ ಕಳಿಸಬೇಕು. ಬೆಂಕಿ, ಶಾರ್ಟ್ ಸರ್ಕ್ಯೂಟ್, ಕೈಗೆ ಗಾಯ, ಇಂಥ ಹೊತ್ತಿನಲ್ಲೂ ಇದೇ ರೀತಿ.

ಆದರೆ ಆರ್ಡರ್ ಕೊಡುವುದು ಬೇರೆ, ಬೈಯುವುದು ಬೇರೆ. ಸೂಜಿ ಮುರಿದವರನ್ನು ಎಲ್ಲರ ಮುಂದೆ ಬೈದರೆ, ಮುಂದಿನ ಸಲ ಅವರು ಚೂರನ್ನು ಸುಮ್ನೆ ಮುಚ್ಚಿಡುತ್ತಾರೆ. ಆಮೇಲೆ ಆ ತುದಿ ಯಾವ ಮಗುವಿಗೆ ಚುಚ್ಚುತ್ತದೋ ಗೊತ್ತಿಲ್ಲ.

ಸೂಜಿ ಸಿಕ್ಕಿದ ಮೇಲೆ ದನಿ ಇಳಿಯಬೇಕು. ತುಂಬಾ ಸೂಪರ್‌ವೈಸರ್‌ಗಳು ಎಡವುವುದು ಇಲ್ಲೇ. ತುರ್ತು ಮುಗಿದರೂ ಆರ್ಡರ್ ಮುಗಿಯುವುದಿಲ್ಲ. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಜೊತೆಗಾರರು ಅಮೆರಿಕದ ಅಯೋವಾದಲ್ಲಿ 10 ವರ್ಷದ ಹುಡುಗರ ಗುಂಪುಗಳ ಮೇಲೆ ನಡೆಸಿದ ಅಧ್ಯಯನ 1939ರಲ್ಲಿ ಪ್ರಕಟವಾಯಿತು. ಹುಡುಗರು ಮುಖವಾಡ ಮಾಡುವಂಥ ಕೆಲಸಗಳಲ್ಲಿ ತೊಡಗಿದ್ದರು. ಒಂದು ಗುಂಪಿಗೆ ಬರೀ ಆರ್ಡರ್ ಕೊಡುವ ನಾಯಕ. ಇನ್ನೊಂದಕ್ಕೆ ಎಲ್ಲರ ಜೊತೆ ಚರ್ಚಿಸುವವನು. ಮತ್ತೊಂದಕ್ಕೆ ಏನೂ ಹೇಳದೆ ಬಿಟ್ಟವನು. ಆರ್ಡರ್ ಕೊಡುವವನು ಎದುರಿಗಿದ್ದಾಗ ಕೆಲಸ ಜೋರಾಗಿ ನಡೆಯಿತು. ಅವನು ಆಚೆ ಹೋದ ತಕ್ಷಣ ಕುಸಿಯಿತು. ಚರ್ಚಿಸುವ ನಾಯಕನ ಗುಂಪು ಅವನಿಲ್ಲದಾಗಲೂ ಹೆಚ್ಚುಕಡಿಮೆ ಹಾಗೇ ಕೆಲಸ ಮಾಡಿತು. ನೀವು ಸ್ಟೋರ್‌ಗೆ ದಾರ ತರಲು ಹೋದಾಗ ನಿಮ್ಮ ಲೈನ್ ಹೇಗೆ ನಡೆಯುತ್ತದೆ ಅಂತ ಒಮ್ಮೆ ನೋಡಿ.

ಹಂತ 2: ಈ ಕೆಲಸಕ್ಕೆ ಅವರು ಹೊಸಬರಾ, ಹಳಬರಾ?

ಸರ್ವಿಸ್ ಎಷ್ಟು ವರ್ಷ ಅಂತ ಲೆಕ್ಕ ಹಾಕಬೇಡಿ. ಸೈಡ್ ಸೀಮ್‌ನಲ್ಲಿ ಹತ್ತು ವರ್ಷ ಪಳಗಿದ ಅಕ್ಕನನ್ನು ಕಾಲರ್‌ಗೆ ಕೂರಿಸಿದರೆ, ಕಾಲರ್ ಮಟ್ಟಿಗೆ ಅವರು ಹೊಸಬರೇ. ಪಾಲ್ ಹರ್ಸೆ, ಕೆನ್ ಬ್ಲಾಂಚರ್ಡ್ ಎಂಬ ಇಬ್ಬರು ಮ್ಯಾನೇಜ್‌ಮೆಂಟ್ ತಜ್ಞರು 1969ರಲ್ಲೇ ಇದನ್ನು ಒಂದು ಕ್ರಮಕ್ಕೆ ತಂದರು. ಅವರ ಪ್ರಕಾರ ಪೂರ್ತಿ ಹೊಸಬರಿಗೆ ಹೇಳಿ ಮಾಡಿಸಬೇಕು. ಸ್ವಲ್ಪ ಬಂದವರಿಗೆ ಕಾರಣ ಹೇಳಿ ಕಲಿಸಬೇಕು. ಕೆಲಸ ಬರುತ್ತದೆ, ಧೈರ್ಯ ಸಾಲದು ಅನ್ನುವವರ ಬೆನ್ನಿಗೆ ನಿಲ್ಲಬೇಕು. ಎರಡೂ ಇದ್ದವರಿಗೆ ಬಿಟ್ಟುಕೊಡಬೇಕು.

ಕಲಿಸುವುದು ಅಂದರೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುವುದು. ಒಂದು ಕಾಲರ್ ನೀವು ನಿಧಾನವಾಗಿ ಹೊಲಿದು ತೋರಿಸಿ. ಮುಂದಿನದು ಅವರು ಹೊಲಿಯಲಿ. ತುದಿ ಸರಿ ಬರಲಿಲ್ಲವಾ? 'ಅಕ್ಕ, ಮೂಲೆಗೆ ಬಂದಾಗ ಸೂಜಿ ಬಟ್ಟೆಯಲ್ಲೇ ಇರಲಿ. ಆಮೇಲೆ ಮಷಿನ್‌ನ ಫೂಟ್ ಎತ್ತಿ, ಬಟ್ಟೆ ತಿರುಗಿಸಿ' ಅನ್ನಿ. 'ನೀಟಾಗಿ ಮಾಡಿ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಒಳ್ಳೆಯ ಟೈಲರ್ ಆಗಿದ್ದವರಿಗೆ ಇಲ್ಲೊಂದು ಅಪಾಯ ಇದೆ. ನಿಧಾನ ಕಂಡರೆ ಕೈ ತಡೆಯುವುದಿಲ್ಲ. 'ಕೊಡಿ ಇಲ್ಲಿ' ಅಂತ ಪೀಸ್ ಕಿತ್ತುಕೊಂಡು ತಾವೇ ಹೊಲಿದುಬಿಡುತ್ತಾರೆ. ಆ ಒಂದು ಪೀಸ್ ಬೇಗ ಆಗುತ್ತದೆ ನಿಜ. ಕಲಿಯುವವರು ಮಾತ್ರ ಅಲ್ಲೇ ಉಳಿಯುತ್ತಾರೆ, ಮನಸ್ಸೂ ಮುದುಡುತ್ತದೆ. ಮನೋವಿಜ್ಞಾನಿ ಡೇನಿಯಲ್ ಗೋಲ್‌ಮನ್ 2000ದಲ್ಲಿ ಬರೆದ ಲೇಖನವೊಂದರಲ್ಲಿ 3,871 ಅಧಿಕಾರಿಗಳ ಮಾಹಿತಿ ಇಟ್ಟುಕೊಂಡು ನಾಯಕತ್ವದ 6 ಶೈಲಿಗಳನ್ನು ಗುರುತಿಸಿದರು. ಅವುಗಳಲ್ಲಿ ಕೆಲಸದ ಜಾಗದ ವಾತಾವರಣ ಕೆಡಿಸುವವು ಎರಡು. ಒಂದು, ಬರೀ ಹುಕುಂ ನಡೆಸುವುದು. ಇನ್ನೊಂದು ಇದೇ, 'ನನ್ನ ಹಾಗೆ, ನನ್ನ ಸ್ಪೀಡ್‌ನಲ್ಲಿ ಮಾಡಿ' ಅನ್ನುವುದು.

ಹಂತ 3: ಲೈನ್ ಕಟ್ಟಿಕೊಂಡಾಗ ಕೇಳಿ

ತೋಳು ಜೋಡಿಸುವ ಮಷಿನ್ ಮುಂದೆ ಬಂಡಲ್ ರಾಶಿ ಬಿದ್ದಿದೆ. 'ಯಾಕಿಷ್ಟು ಸ್ಲೋ?' ಅಂದರೆ ಅದು ಪ್ರಶ್ನೆಯೇ ಅಲ್ಲ, ಬೈಗುಳ. ಉತ್ತರವೂ ಬರುವುದಿಲ್ಲ. 'ಇಲ್ಲಿ ಏನು ತೊಂದರೆ ಆಗ್ತಿದೆ?' ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಕಟಿಂಗ್‌ನಿಂದ ಬಂದ ತೋಳಿನಲ್ಲಿ ನಾಚ್ (ಜೋಡಿಸುವ ಗುರುತಿಗೆ ಅಂಚಿನಲ್ಲಿ ಹಾಕಿದ ಸಣ್ಣ ಕತ್ತರಿ ಗುರುತು) ಸರಿಯಾದ ಜಾಗದಲ್ಲಿ ಇಲ್ಲ, ಪ್ರತಿ ಪೀಸನ್ನೂ ಅಳೆದು ಕೂರಿಸಬೇಕಾಗಿದೆ ಅಂತ ಅವರು ಹೇಳಬಹುದು. ಗಂಟೆಗಟ್ಟಲೆ ಆ ಬಟ್ಟೆ ಹಿಡಿದವರಿಗೆ ಗೊತ್ತಿರುವುದು ಲೈನ್ ತುದಿಯಲ್ಲಿ ನಿಂತವರಿಗೆ ಗೊತ್ತಿರುವುದಿಲ್ಲ, ಅಲ್ವಾ?

ಆದರೆ ಮೊದಲೇ ತೀರ್ಮಾನ ಮಾಡಿಟ್ಟುಕೊಂಡು ಕೇಳಬೇಡಿ. ಅದು ಬೇಗ ಗೊತ್ತಾಗಿಬಿಡುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಅಂತ ಮೊದಲೇ ಹೇಳಿ. 'ಶಿಪ್‌ಮೆಂಟ್ ದಿನ ಬದಲಾಗಲ್ಲ. ಯಾರು ಯಾವ ಮಷಿನ್‌ಗೆ ಕೂರಬೇಕು ಅನ್ನೋದನ್ನ ನಾವೇ ಮಾತಾಡಿಕೊಳ್ಳೋಣ.'

ಹಂತ 4: ಬಿಟ್ಟುಕೊಡಿ, ಕೈಬಿಡಬೇಡಿ

ಪಳಗಿದವರ ಬೆನ್ನ ಹಿಂದೆ ನಿಲ್ಲುವುದು ಬೇಡ. ಯಾವಾಗ ನಿಮ್ಮನ್ನು ಕರೆಯಬೇಕು ಎನ್ನುವುದೊಂದನ್ನು ಹೇಳಿಡಿ. ಒಂದೇ ತಪ್ಪಿಗೆ ಎರಡು ಪೀಸ್ ಆಲ್ಟರ್‌ಗೆ (ಬಿಚ್ಚಿ ಸರಿಪಡಿಸಲು) ವಾಪಸ್ ಬಂದರೆ ಕರೆಯಿರಿ ಅಂದರೆ ಸಾಕು.

ಇನ್ನು ಮನೆಯಲ್ಲಿ ಮಗುವಿಗೆ ಜ್ವರ ಅಂತ ಕಣ್ಣು ತುಂಬಿಕೊಂಡು ಕೂತವರ ಮುಂದೆ ಈ ಯಾವ ಶೈಲಿಯೂ ಬೇಡ. ಫೋನ್ ಮಾಡಲು ಬಿಡಿ, ರಜೆ ಚೀಟಿ ಬರೆಯಲು ನೆರವಾಗಿ. ಟಾರ್ಗೆಟ್ ಮಾತು ಆಮೇಲೆ.

ಹಂತ 5: ಮೇಲಿನವರಿಗೂ ತಿಳಿಸಿ

ನೀವು ಕೂತು ಕಲಿಸುವ ದಿನ, ಗಂಟೆಗೆ ಎಷ್ಟು ಪೀಸ್ ಆಯಿತು ಅಂತ ಬರೆಯುವ ಬೋರ್ಡ್‌ನಲ್ಲಿ ಲೆಕ್ಕ ಕಮ್ಮಿ ಕಾಣುತ್ತದೆ. ಫ್ಲೋರ್ ಇನ್‌ಚಾರ್ಜ್ ಬಂದು ಕೂಗಿದರೆ ಆ ಕೂಗನ್ನೇ ಲೈನ್ ಮೇಲೆ ದಾಟಿಸುವುದು ಸುಲಭ. ಅದಕ್ಕೇ ಅವರು ಬರುವ ಮೊದಲೇ ನೀವೇ ಹೋಗಿ ಹೇಳಿ: 'ಸಾರ್, ಕಾಲರ್‌ಗೆ ಹೊಸಬರನ್ನ ಕೂರಿಸಿದ್ದೀನಿ. ಊಟದವರೆಗೆ ಪೀಸ್ ಕಮ್ಮಿ ಬರುತ್ತೆ. ಮಧ್ಯಾಹ್ನ ಎಷ್ಟಾಗಿದೆ ಅಂತ ನಾನೇ ಬಂದು ಹೇಳ್ತೀನಿ.' ಹೇಳಿದ ಹೊತ್ತಿಗೆ ಸರಿಯಾಗಿ ಲೆಕ್ಕ ತೆಗೆದುಕೊಂಡು ಹೋಗಿ. ಕಮ್ಮಿ ಬಂದಿದ್ದರೂ ಹೋಗಿ.