ಪಿನ್ ಒತ್ತುವ ಮುನ್ನ ಹೆಸರು ಓದಿ

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರಿಂದ ಹಿಡಿದು ಬೆಣ್ಣೆದೋಸೆ ಹೋಟೆಲಿನವರವರೆಗೆ ಎಲ್ಲರೂ ಈಗ ಫೋನಿನಲ್ಲೇ ಹಣ ಕೊಟ್ಟು ಪಡೆಯುತ್ತಿದ್ದಾರೆ. ಇನ್ನೂ ಅಂಜುತ್ತಿರುವ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬ್ಯಾಂಕ್ ಖಾತೆಗೆ ಜೋಡಣೆಯಾದ ಸಿಮ್ ನಿಮ್ಮ ಫೋನಿನಲ್ಲೇ ಇರಬೇಕು. ಭೀಮ್, ಫೋನ್‌ಪೇ, ಗೂಗಲ್ ಪೇ ಆ್ಯಪ್‌ಗಳಲ್ಲಿ ಯಾವುದನ್ನು ಹಾಕಿಕೊಂಡರೂ ಅದು ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳುಹಿಸಿ ನಂಬರನ್ನು ಖಚಿತಪಡಿಸಿಕೊಳ್ಳುವುದರಿಂದ, ಕರೆನ್ಸಿ ಮುಗಿದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಳಿಕ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೊಟ್ಟು ಯುಪಿಐ ಪಿನ್, ಅಂದರೆ ಫೋನಿನಲ್ಲಿ ಹಣ ಕಳುಹಿಸುವಾಗ ಒತ್ತುವ ಗುಪ್ತ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. ಕಾರ್ಡ್ ಇಲ್ಲದವರಿಗೆ ಅನೇಕ ಬ್ಯಾಂಕುಗಳಲ್ಲಿ ಆಧಾರ್ ಒಟಿಪಿಯ ದಾರಿಯೂ ಇದೆ.

ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿ ಓದುವ ಮಗನಿಗೆಂದು 3,000 ರೂಪಾಯಿ ಹಾಕುವಾಗ ನಂಬರಿನ ಒಂದು ಅಂಕಿ ತಪ್ಪಿ, ಪರದೆಯ ಮೇಲೆ ಬೇರೆ ಯಾರದೋ ಹೆಸರು ಬಂದಿದ್ದರೂ ಓದದೆ ಪಿನ್ ಒತ್ತಿಬಿಟ್ಟರು. ಹೀಗೆ ಬೇರೆಯವರ ಖಾತೆ ಸೇರಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಬ್ಯಾಂಕಿಗೆ ದೂರು ಕೊಟ್ಟು, ಪಡೆದವರ ಒಪ್ಪಿಗೆಗಾಗಿ ಕಾಯಬೇಕಾಗುತ್ತದೆ. ಆದ್ದರಿಂದ ಹೊಸಬರಿಗೆ ಮೊದಲು 1 ರೂಪಾಯಿ ಕಳುಹಿಸಿ, ಅವರು ಫೋನಿನಲ್ಲಿ "ಹ್ಞೂಂ, ಬಂತು" ಎಂದ ಮೇಲೆಯೇ ಉಳಿದದ್ದನ್ನು ಕಳುಹಿಸಿ. ಈಗ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಬಂದ ಹೆಸರನ್ನು ಗಟ್ಟಿಯಾಗಿ ಓದಿಯೇ ಮುಂದುವರಿಯುತ್ತಾರೆ.

ಹಣ ಪಡೆಯಲು ಪಿನ್ ಬೇಡವೇ ಬೇಡ. "ನಿಮಗೆ ದುಡ್ಡು ಬರಬೇಕಿದೆ, ಪಿನ್ ಒತ್ತಿ" ಎಂದು ಯಾರೇ ಹೇಳಿದರೂ, ಎಷ್ಟೇ ನಯವಾಗಿ ಮಾತನಾಡಿದರೂ, ಕರೆಯನ್ನು ಕೂಡಲೇ ಕತ್ತರಿಸಿ. ಅವರ ಮಾತು ಕೇಳಿ ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣವೇ. ಮಾಲು ಮಾರಿದವರು ಎದುರಿಗಿರುವವರ ಫೋನಿನ ಹಸಿರು ಗುರುತನ್ನು ನೆಚ್ಚಿಕೊಳ್ಳದೆ, ತಮ್ಮದೇ ಫೋನಿನಲ್ಲಿ ಖಾತೆಗೆ ಹಣ ಬಂದದ್ದನ್ನು ನೋಡಿಕೊಂಡ ನಂತರವೇ ಚೀಲ ಬಿಟ್ಟುಕೊಡಬೇಕು.

ಕೀಪ್ಯಾಡ್ ಫೋನ್ ಇದ್ದವರು *99# ಒತ್ತಿ, ಇಂಟರ್ನೆಟ್ ಇಲ್ಲದೆಯೂ ಹಣ ಕಳುಹಿಸಬಹುದು.

ಒಬ್ಬರಿಂದ ಒಬ್ಬರಿಗೆ ಕಳುಹಿಸಿದ ಹಣ ನಿಮ್ಮ ಖಾತೆಯಿಂದ ಕಡಿತವಾಗಿ ಅತ್ತ ತಲುಪದಿದ್ದರೆ ಗಾಬರಿಯಿಂದ ಮತ್ತೊಮ್ಮೆ ಕಳುಹಿಸಬೇಡಿ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಅದು ಮರುದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಕೊಡಬೇಕು. ದೂರು ಕೊಡುವಾಗ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು (ಆ ಪಾವತಿಯ ಗುರುತಿನ ಸಂಖ್ಯೆ) ಬರೆದುಕೊಂಡು ಹೋಗಿ. ಮೋಸವಾಗಿದ್ದರೆ ಮಾತ್ರ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ವಂಚಕನು ಹಣವನ್ನು ಬೇರೆಡೆಗೆ ಸಾಗಿಸುವ ಮೊದಲೇ ಅದನ್ನು ತಡೆಹಿಡಿಸಬೇಕಾಗುತ್ತದೆ.